ಸುಮ್ಮನಿರುವ ಪಾಠ

ಆಲೂರಿನ ಬಸ್ಸು ಇವತ್ತೊಂದು ದಿನ ದಾರಿಯಲ್ಲೆಲ್ಲಾದರೂ ಕೆಟ್ಟು ನಿಲ್ಲಲಿ ಎಂದು ಪಂಕಜಾಕ್ಷಿ ಎದ್ದಾಗಿನಿಂದ ದೇವರನ್ನು ಬೇಡಿಕೊಳ್ಳುತ್ತಿದ್ದಳು. ಬೇಡಿಕೊಂಡ ಮರುಕ್ಷಣವೇ ಬೇಡಪ್ಪಾ ಬೇಡ, ಬರಲಿ ಎಂದು ತಿದ್ದಿಕೊಳ್ಳುತ್ತಿದ್ದಳು. ಇವಳು ಏನು ಕೇಳುತ್ತಿದ್ದಾಳೆಂದು ದೇವರಿಗಾದರೂ ಅರ್ಥವಾಗಿರಲಿಕ್ಕಿಲ್ಲ. ಬಸ್ಸು ಬಂದರೆ ಅದರಲ್ಲಿ ಸ್ನೇಹಾ ಮೇಡಂ ಬರುತ್ತಾರೆ. ದೂರಶಿಕ್ಷಣದ ಕೇಂದ್ರದಲ್ಲಿ ಪಾಠ ಹೇಳುವವರು. ಇವಳ ಅಂಗನವಾಡಿಗೇ ಬಂದು, ಇವಳು ಮಕ್ಕಳ ಜೊತೆ ಹೇಗಿರುತ್ತಾಳೆಂದು ಕೂತು ನೋಡಿ, ಶಿಶು ಶಿಕ್ಷಣದ ಪದವಿಯ ಕೊನೆಯ ಪ್ರಾಯೋಗಿಕ ಪರೀಕ್ಷೆಗೆ ಅಂಕ ಹಾಕುವವರು. ಅವರು ಬರದೇ ಹೋದರೆ ಪದವಿ ಇಲ್ಲಿಗೆ ಮುಗಿಯಿತು. ಹೋದ ಸಲ ಇದೇ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಇದು ಕೊನೆಯ ಅವಕಾಶ ಎಂದು ಕೇಂದ್ರದವರು ಫೋನಿನಲ್ಲಿ, ಇವಳೇನೋ ಅವರ ಮನೆಯ ಹಾಲು ಚೆಲ್ಲಿದವಳ ಹಾಗೆ, ಗದರಿಸಿ ಹೇಳಿದ್ದರು. ಬಂದರೆ? ಬಂದರೆ ಮೆಹರೀನಳನ್ನು ನೋಡುತ್ತಾರೆ. ನಾಲ್ಕು ವರ್ಷದ ಆ ಮಗು ಬಾಯಿ ಬಿಟ್ಟು ಒಂದು ಮಾತಾಡಿ ತಿಂಗಳುಗಳಾಗಿದ್ದವು. ಯಾಕೆಂದು ಈ ಲೋಕದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು, ಅವಳು ಈಗ ಕೆ. ಹೊಸಕೋಟೆಯ ಬಸ್ ಸ್ಟಾಪಿನಲ್ಲಿ ಮದುವೆಗೆ ಉಡುವ ಸೀರೆ ಉಟ್ಟು ನಿಂತಿದ್ದಳು.

ಸೀರೆ ತಪ್ಪಾಯಿತು. ನೆಲದ ಮೇಲೆ ಮಕ್ಕಳ ಸಮಕ್ಕೆ ಕೂರಬೇಕು, ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು ಎಂದು ಪುಸ್ತಕದಲ್ಲಿದೆ. ಈ ಜರಿಸೀರೆಯಲ್ಲಿ ಕೂತರೆ ಏಳುವುದು ಹೇಗೆ? ಹೋದ ಸಲ ಫೇಲಾದದ್ದು ಇದಕ್ಕೇ ಇರಬೇಕು, ಕುರ್ಚಿ ಬಿಟ್ಟು ಏಳಲಿಲ್ಲ ಎಂದು. ಸಂತೆಗೆ ಹೊರಟಿದ್ದ ಯಾರೋ ‘ಏನ್ ಮಿಸ್ಸು, ಮದ್ವೆಗಾ?’ ಎಂದು ಕೇಳಿದರು. ‘ಹೂಂ’ ಎಂದುಬಿಟ್ಟಳು. ನಲವತ್ತು ದಾಟಿದ ಮೇಲೆ ಪರೀಕ್ಷೆ ಎಂದು ಹೇಳಿಕೊಳ್ಳುವುದಕ್ಕಿಂತ ಮದುವೆ ಎನ್ನುವುದು ಸುಲಭ. ಕೇಂದ್ರದ ಭಾನುವಾರದ ತರಗತಿಗೆ ಮೊದಲ ದಿನ ಹೋದಾಗ ಇಪ್ಪತ್ತರ ಹುಡುಗಿಯೊಬ್ಬಳು ಎದ್ದು ಕುರ್ಚಿ ಬಿಟ್ಟುಕೊಟ್ಟು, ‘ಆಂಟಿ, ಮಗಳ ಅಡ್ಮಿಷನ್ನಾ? ಆಫೀಸು ಆ ಕಡೆ’ ಎಂದಿದ್ದಳು. ಹಾಸನದಲ್ಲಿ ಬಿ.ಕಾಂ. ಓದುವ ಮಗಳು ಮಾನಸಾ ಅದಕ್ಕಿಂತ ಒಂದು ಕೈ ಮೇಲೆ: ‘ಅಮ್ಮಾ, ನಂ ಫ್ರೆಂಡ್ಸ್ ಹತ್ರ ನೀನೂ ಡಿಗ್ರಿ ಓದ್ತಿದ್ದೀಯ ಅಂತ ಮಾತ್ರ ಹೇಳ್ಬೇಡ, ಪ್ಲೀಸ್.’ ಎಸ್ಟೇಟಿನ ಸ್ಟೋರ್ ನೋಡಿಕೊಳ್ಳುವ ಗಂಡ ಮಹೇಶ್ ಬೈಯುವವನಲ್ಲ, ನಗುವವನು. ಬೈದಿದ್ದರೆ ಹಟಕ್ಕಾದರೂ ಬೇಗ ಓದುತ್ತಿದ್ದಳೇನೋ. ‘ಅ ಆ ಇ ಈ ಕಲ್ಸಕ್ಕೆ ಯೂನಿವರ್ಸಿಟಿ ಯಾಕೇ ಮಾರಾಯ್ತಿ?’ ಎಂದು ಟಿ.ವಿ.ಯ ಸದ್ದು ಏರಿಸುತ್ತಿದ್ದ. ಒಂದೇ ಕೋಣೆಯ ಮನೆ, ಟಿ.ವಿ. ಇದ್ದಲ್ಲೇ ಅನ್ನ, ಅನ್ನ ಇದ್ದಲ್ಲೇ ಹಾಸಿಗೆ. ಓದುವುದೆಲ್ಲಿ?

ಆದರೂ ಓದಬೇಕೆಂಬ ಛಲ ಹುಟ್ಟಿದ್ದು ಸಕಲೇಶಪುರದಲ್ಲಿ. ಅಲ್ಲೊಂದು ಇಂಗ್ಲಿಷ್ ಶಾಲೆಯ ಎಲ್‌ಕೆಜಿಗೆ ಟೀಚರು ಬೇಕಂತೆ ಎಂದು ಕೇಳಿ ಹೋಗಿದ್ದಳು. ಇಷ್ಟು ವರ್ಷ ಅಂಗನವಾಡಿಯಲ್ಲಿ ಮೂರು ವರ್ಷದ ಮಕ್ಕಳನ್ನೇ ಸಾಕಿದವಳು ತಾನು, ತನಗಿಂತ ಯಾರು ಬೇಕು ಎಂಬ ಧೈರ್ಯ. ಆಫೀಸಿನ ಹೆಂಗಸು ತಲೆ ಎತ್ತದೆ ‘ಡಿಗ್ರಿ ಇದೆಯಾ?’ ಎಂದಳು. ಇಲ್ಲ, ಪಿ.ಯು.ಸಿ. ಅವಳು ತಲೆ ಎತ್ತಿದಳು. ದಯೆಯಿಂದಲೇ ಹೇಳಿದಳು, ಅದೇ ಕಷ್ಟ: ‘ಆಯಾ ಕೆಲಸ ಬೇಕಾದ್ರೆ ಖಾಲಿ ಇದೆ ನೋಡಿ.’ ಆ ದಿನ ಹೇಮಾವತಿಯ ಸೇತುವೆ ದಾಟುವಾಗ ಬಸ್ಸಿನ ಕಿಟಕಿಗೆ ಮುಖ ಒತ್ತಿ ಅತ್ತಿದ್ದು, ಪಕ್ಕದಲ್ಲಿದ್ದ ಮುದುಕಿ ‘ವಾಂತಿ ಬತ್ತದಾ ಮಗ?’ ಎಂದು ನಿಂಬೆಹಣ್ಣು ಕೊಟ್ಟಿದ್ದು ಇನ್ನೂ ನೆನಪಿತ್ತು. ‘ಡಿಗ್ರಿ ತಗೊಂಡು ಬನ್ನಿ, ನೋಡೋಣ’ ಎಂದು ಆ ಹೆಂಗಸು ಕೊನೆಯಲ್ಲಿ ಅಂದ ಒಂದು ಮಾತನ್ನು ಪಂಕಜಾಕ್ಷಿ ಭದ್ರವಾಗಿ ಕಟ್ಟಿಕೊಂಡು ಬಂದಿದ್ದಳು. ಪದವಿಯೊಂದು ಸಿಕ್ಕಿದರೆ ಈ ಮೊಟ್ಟೆ, ಈ ಪೌಷ್ಟಿಕ ಪುಡಿಯ ಚೀಲ, ಈ ತೂಕದ ಯಂತ್ರ ಎಲ್ಲ ಬಿಟ್ಟು ನಿಜವಾದ ಟೀಚರಾಗುತ್ತೇನೆ. ಮಿಸ್ಸು ಎಂದು ಕರೆಸಿಕೊಳ್ಳಲು ಆಗ ನಾಚಿಕೆಯಾಗುವುದಿಲ್ಲ.

ಬಸ್ಸು ಬಂದಿರಲಿಲ್ಲ. ರಸ್ತೆಯಾಚೆ ಕಣದಲ್ಲಿ ಕಾಫಿ ಹಣ್ಣು ಒಣಹಾಕಿದ್ದರು, ಹುಳಿ ವಾಸನೆ ಬರುತ್ತಿತ್ತು. ಇದೇ ವಾಸನೆ ಆ ದಿನವೂ ಇತ್ತು. ಹೋದ ವರ್ಷ ಭತ್ತ ಬಲಿತಿದ್ದ ಕಾಲ, ಆ ದಿನ ಆನೆ ನಿಜವಾಗಿ ಬಂದಿತ್ತು. ಆನೆಯ ಸುಳಿವು ಕೊಡುವ ಫೋನಿನ ಗ್ರೂಪಿನಲ್ಲಿ ‘ಒಂಟಿ ಸಲಗ, ಅಂಗನವಾಡಿ ಹಿಂದಿನ ಗದ್ದೆ ಕಡೆ, ಯಾರೂ ಹೊರಗೆ ಬರಬೇಡಿ’ ಎಂದು ಮೆಸೇಜು ಬಂದಾಗ ಮಕ್ಕಳು ಊಟ ಮುಗಿಸಿ ಸಂತೆ ಎಬ್ಬಿಸಿದ್ದರು. ಇವಳು ಬಾಗಿಲು ಹಾಕಿ, ತುಟಿಯ ಮೇಲೆ ಬೆರಳಿಟ್ಟು, ‘ಆನೆ ಬಂತು. ಎಲ್ಲಾ ಚಾಪೆ ಮೇಲೆ ಬೋರಲು ಮಲಗಿ. ಉಸುರೆತ್ತಿದ್ರೆ ಒಳಗೆ ಬತ್ತದೆ’ ಎಂದಳು. ಮಲಗಿದವು. ಕಿಟಕಿಯ ಸಂದಿಯಿಂದ ಬೇಲಿಯ ಮೇಲೆ ಬೂದು ಬೆನ್ನೊಂದು ನಿಧಾನಕ್ಕೆ ಸಾಗಿಹೋದದ್ದು ಕಾಣಿಸಿತು. ಹೋಯಿತು. ‘ಸಲಗ ಎಸ್ಟೇಟು ದಾಟಿತು’ ಎಂದು ಮೆಸೇಜೂ ಬಂತು. ಮಕ್ಕಳಿಗೆ ಏಳಿ ಎಂದು ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ಅಂಥ ನಿಶ್ಶಬ್ದವನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮನೋವಿಜ್ಞಾನದ ಪತ್ರಿಕೆ ಅದೇ ವಾರ ಇತ್ತು, ಪುಸ್ತಕ ಬೇಳೆ ಡಬ್ಬದ ಮೇಲಿತ್ತು. ಒಂದು ಪುಟ, ಒಂದೇ ಪುಟ ಎಂದು ಕೈ ಚಾಚಿದಳು. ಮೂರು ಸಲ ಓದಿಯೂ ತಲೆಗೆ ಹತ್ತದಿದ್ದ ಅಧ್ಯಾಯ ಆ ದಿನ ನೀಟಾಗಿ ಒಳಗೆ ಹೋಗಿ ಕೂತಿತು. ಅಧ್ಯಾಯದ ಹೆಸರು, ಮಗುವಿನಲ್ಲಿ ಭಯದ ಬೆಳವಣಿಗೆ. ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ. ಅವಳಿಗೂ ಆಗ ನಗು ಬಂದಿತ್ತು.

ಮಾರನೇ ದಿನ ಆನೆ ಬರಲಿಲ್ಲ. ಇವಳು ಬಂತು ಎಂದಳು. ಪರೀಕ್ಷೆ ಹತ್ತಿರವಿದ್ದಾಗ ದಿನವೂ ಊಟದ ನಂತರ ಬರತೊಡಗಿತು. ಪರೀಕ್ಷೆ ಮುಗಿದ ಮೇಲೆ ಬಿಡಬೇಕೆಂದುಕೊಂಡಳು, ಬಿಟ್ಟಳು ಕೂಡ. ಮುಂದಿನ ಪತ್ರಿಕೆ ಬಂದಾಗ ಆನೆಯೂ ವಾಪಸು ಬಂತು. ಅಡುಗೆ ಮಾಡುವ ಚೆನ್ನಾಜಮ್ಮ ಪಾತ್ರೆ ತಿಕ್ಕುತ್ತಾ, ‘ನಿನ್ ಪರೀಕ್ಷೆ ಮುಗಿಯೋಗಂಟ ಈ ಆನೆ ಊರು ಬುಟ್ಟೋಗಾಕಿಲ್ಲ ಬುಡು’ ಎಂದು ಕಿಲಕಿಲ ನಕ್ಕಿದ್ದಳು. ಬೇರೆ ಮಕ್ಕಳು ಕಳ್ಳರು. ನಾಲ್ಕು ದಿನಕ್ಕೇ ಅವಕ್ಕೆ ಇದು ಆಟವಾಯಿತು, ಚಾಪೆಯಲ್ಲಿ ಮುಖ ಹುದುಗಿಸಿ ಒಬ್ಬರ ಕಾಲಿಗೊಬ್ಬರು ಕಚಗುಳಿ ಇಡುತ್ತಾ, ಕೊನೆಗೆ ನಿಜಕ್ಕೂ ನಿದ್ದೆಹೋಗುತ್ತಿದ್ದವು. ಮೆಹರೀನ್ ಮಾತ್ರ ನಂಬಿದಳು. ಅವಳಪ್ಪ ಶಾಹಬಾಜ್ ಬೆಳಗಿನ ಜಾವ ಕೂಲಿಯವರನ್ನು ಪಿಕಪ್ಪಿನಲ್ಲಿ ವನಗೂರಿನ ಕಡೆಯ ಎಸ್ಟೇಟುಗಳಿಗೆ ಸಾಗಿಸುವವನು; ಒಂದು ತಿರುವಿನಲ್ಲಿ ಆನೆ ಎದುರಾಗಿ, ಇಂಜಿನ್ ಆರಿಸಿ, ಉಸಿರು ಹಿಡಿದು ಕೂತು ಬದುಕಿ ಬಂದವನು. ಆ ಕತೆ ಆ ಮನೆಯಲ್ಲಿ ಎಷ್ಟು ಸಲ ನಡೆದಿದೆಯೋ. ಮಗು ಉಸಿರನ್ನೇ ಹಿಡಿಯುತ್ತಿತ್ತು. ಪುಟ ಮಗುಚುವಾಗ ಪಂಕಜಾಕ್ಷಿ ಕಣ್ಣೆತ್ತಿದರೆ ಚಾಪೆಯ ತುದಿಯಲ್ಲಿ ಎರಡು ಕಣ್ಣು ತೆರೆದುಕೊಂಡು ಇವಳನ್ನೇ ನೋಡುತ್ತಿದ್ದವು. ಇವಳು ನೋಡಿದ್ದಳು. ನೋಡಿಲ್ಲ ಎಂದು ಯಾರ ಮುಂದೆ ಆಣೆ ಮಾಡಲಿ? ನೋಡಿ, ಮತ್ತೆ ಪುಟಕ್ಕೆ ಇಳಿದಿದ್ದಳು. ಮನೋವಿಜ್ಞಾನದ ಪತ್ರಿಕೆಯಲ್ಲಿ ಭಯದ ಮೇಲೇ ಪ್ರಶ್ನೆ ಬಂದಿತ್ತು. ಇಡೀ ಪದವಿಯಲ್ಲಿ ಅವಳಿಗೆ ಅತಿ ಹೆಚ್ಚು ಅಂಕ ಬಂದದ್ದು ಅದರಲ್ಲೇ.

ಮಾತು ಯಾವಾಗ ನಿಂತಿತು ಎಂದು ಸರಿಯಾಗಿ ಹೇಳಲಾಗುವುದಿಲ್ಲ. ಮೊದಲು ಅಂಗನವಾಡಿಯಲ್ಲಿ ನಿಂತಿತು, ಆಮೇಲೆ ಬೀದಿಯಲ್ಲಿ, ಆಮೇಲೆ ಮನೆಯಲ್ಲಿ. ತಾಯಿ ಸಾಲೇಹಾ ಮಗಳನ್ನು ಹಾಸನದ ಡಾಕ್ಟರಿಗೆ ತೋರಿಸಿದಳು, ಕಿವಿ ಸರಿ ಇದೆ, ನಾಲಗೆ ಸರಿ ಇದೆ ಎಂದರು. ದರ್ಗಾದಲ್ಲಿ ಪ್ರಾರ್ಥನೆ ಓದಿಸಿದ ನೀರು ಕುಡಿಸಿದಳು. ಯಾರೋ ಹೇಳಿದರೆಂದು ಈಶ್ವರನ ಗುಡಿಯ ಪೂಜಾರಿ ಪರಮಶಿವಯ್ಯನ ಹತ್ತಿರ ದಾರವನ್ನೂ ಕಟ್ಟಿಸಿದಳು. ಇಷ್ಟೆಲ್ಲ ಮಾಡಿ, ದಿನಾ ಬೆಳಿಗ್ಗೆ ಮಗುವನ್ನು ತಂದು ಪಂಕಜಾಕ್ಷಿಯ ಕೈಗೇ ಕೊಡುತ್ತಿದ್ದಳು. ‘ಮಿಸ್ಸು, ನೀವು ಮಕ್ಕಳ ಬಗ್ಗೇನೇ ಓದ್ತಾ ಇರೋರು. ನಿಮ್ ಹತ್ರ ಇದ್ರೆ ನಂಗೆ ಧೈರ್ಯ.’ ರಂಜಾನಿನಲ್ಲಿ ಖರ್ಜೂರ ತಂದುಕೊಟ್ಟಳು. ಆ ಖರ್ಜೂರವನ್ನು ಮಹೇಶ್ ತಿಂದ, ಇವಳು ಮುಟ್ಟಲಿಲ್ಲ. ಆನೆಯನ್ನು ಕರೆಯುವುದು ಅಷ್ಟರಲ್ಲಿ ಬಿಟ್ಟಾಗಿತ್ತು. ಬಿಟ್ಟರೆ ಏನು ಬಂತು, ಇವಳು ಕರೆಯದಿದ್ದರೂ ಊಟವಾದ ಕೂಡಲೇ ಆ ಮಗು ತಾನಾಗಿ ಹೋಗಿ ಬೋರಲು ಮಲಗುತ್ತಿತ್ತು. ಎಬ್ಬಿಸಲು ಹೋದರೆ ಕಲ್ಲಿನಂತೆ ಬಿಗಿದುಕೊಳ್ಳುತ್ತಿತ್ತು. ಇವತ್ತು ಹೇಗಾದರೂ ತಪ್ಪಿಸಬೇಕೆಂದು ನಿನ್ನೆ ಪಂಕಜಾಕ್ಷಿ, ‘ಮೈ ಬೆಚ್ಚಗಿದ್ದಂಗೈತೆ, ನಾಳೆ ಕಳಿಸ್ಬೇಡಿ’ ಎಂದು ಸುಳ್ಳು ಹೇಳಿದ್ದಳು. ಸಾಲೇಹಾ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದಿದ್ದಳು, ಮಗುವಿಗೆ ಇಸ್ತ್ರಿ ಮಾಡಿದ ಫ್ರಾಕು ತೊಡಿಸಿ. ‘ದೊಡ್ಡ ಮೇಡಂ ಬತ್ತಾರಂತಲ್ಲ ಮಿಸ್ಸು. ಅವ್ರು ಒಂದ್ಸಲ ನೋಡ್ಲಿ. ಇಂಗಿಂಗೆ ಅಂತ ಏನಾರ ಹೇಳ್ಬೋದು.’ ಮಕ್ಕಳನ್ನೆಲ್ಲ ಚೆನ್ನಾಜಮ್ಮನಿಗೆ ಒಪ್ಪಿಸಿ ಪಂಕಜಾಕ್ಷಿ ಬಸ್ ಸ್ಟಾಪಿಗೆ ಬಂದಿದ್ದಳು.

ಬಸ್ಸು ಬಂತು. ಕೆಟ್ಟು ನಿಲ್ಲಲಿಲ್ಲ, ಹೊತ್ತಿಗಿಂತ ಮೊದಲೇ ಬಂತು. ಸ್ನೇಹಾ ಮೇಡಂ ಹತ್ತಿ ಬಟ್ಟೆಯ ಕುರ್ತಾ ಹಾಕಿದ್ದರು, ನೆಲದ ಮೇಲೆ ಕೂರುವುದಕ್ಕೆ ಸರಿಯಾದ ಬಟ್ಟೆ. ವಯಸ್ಸು ಮೂವತ್ತರ ಹತ್ತಿರ. ಪಂಕಜಾಕ್ಷಿ ಬ್ಯಾಗು ಹಿಡಿಯಲು ಹೋದಳು, ಅವರು ‘ಅಯ್ಯೋ ಬಿಡೀಮ್ಮಾ, ನೀವು ದೊಡ್ಡೋರು’ ಎಂದು ಕೊಡಲಿಲ್ಲ. ದೊಡ್ಡವರು! ದಾರಿಯುದ್ದಕ್ಕೂ ಅವರು ಕಾಫಿ ಗಿಡಗಳನ್ನು, ಕೆಂಪು ಹಣ್ಣನ್ನು, ಹಣ್ಣು ಬಿಡಿಸುವವರನ್ನು ಫೋನಿನಲ್ಲಿ ಹಿಡಿಯುತ್ತಾ ನಡೆದರು. ಒಳ್ಳೆಯ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ. ರಸ್ತೆಯ ಮೇಲೆ ಒಣಗಿದ ಲದ್ದಿ ಕಂಡು ನಿಂತರು.

‘ಇದು ಆನೇದಾ? ಇಲ್ಲಿಗೆ ನಿಜವಾಗ್ಲೂ ಬರುತ್ತಾ?’

‘ಬತ್ತದೆ ಮೇಡಂ. ದಿನಾ ಇಲ್ಲ.’

‘ಮಕ್ಕಳು ನೋಡಿದ್ದಾವಾ? ಹೆದರಿಕೊಳ್ಳಲ್ವಾ?’

ಈಗ ಹೇಳಿಬಿಡಬಹುದಿತ್ತು. ರಸ್ತೆಯಲ್ಲಿ ಇಬ್ಬರೇ ಇದ್ದರು. ಮೇಡಂ, ಒಂದು ತಪ್ಪಾಗಿದೆ ಎಂದು ಶುರು ಮಾಡಿದ್ದರೆ ಉಳಿದ ಮಾತು ತಾನಾಗಿ ಬರುತ್ತಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಪರೀಕ್ಷೆ ಇನ್ನೂ ಶುರುವಾಗಿರಲಿಲ್ಲ. ಮುಗಿಯಲಿ, ಮುಗಿದ ಮೇಲೆ ಹೇಳುತ್ತೇನೆ, ಕಾಲು ಹಿಡಿದಾದರೂ ಆ ಮಗುವಿಗೆ ದಾರಿ ಕೇಳುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು. ‘ರೂಢಿ ಆಗೈತೆ ಮೇಡಂ’ ಎಂದಳು.

ಪಾಠ ಕೆಟ್ಟದಾಗಿ ಶುರುವಾಯಿತು. ಬಣ್ಣದ ಬಿಲ್ಲೆಗಳನ್ನು ನೆಲಕ್ಕೆ ಸುರಿದು ಮಕ್ಕಳನ್ನು ಅವುಗಳ ಪಾಡಿಗೆ ಬಿಡುವುದು, ತಾನು ನಡುವೆ ಬಾಯಿ ಹಾಕದಿರುವುದು. ಇದು ಪುಸ್ತಕ ಹೇಳಿದ ಕ್ರಮ. ಮಕ್ಕಳು ಬಿಲ್ಲೆ ಮುಟ್ಟಲಿಲ್ಲ. ಹೊಸಬರು ಬಂದರೆ ಸುಮ್ಮನಿರಬೇಕು ಎಂದು ಯಾರೋ ಕಲಿಸಿದಂತೆ ಗೋಡೆಗೆ ಒರಗಿ ಕೂತವು. ‘ಆಡ್ರೋ, ಆಡಿ’ ಎಂದು ಇವಳು ಪಿಸುಗುಟ್ಟಿದಳು. ಇವಳ ಸ್ವರ ಕೇಳಿ ಇನ್ನೂ ಸುಮ್ಮನಾದವು. ಜರಿಸೀರೆಯಲ್ಲಿ ನೆಲಕ್ಕೆ ಕೂತಳು, ನೆರಿಗೆ ಜಾರಿತು, ಬಾಗಿಲಲ್ಲಿ ಚೆನ್ನಾಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಹೋಯಿತು, ಎಲ್ಲ ಹೋಯಿತು ಎಂದು ಪಂಕಜಾಕ್ಷಿಗೆ ಅನ್ನಿಸಿತು. ಹೋದದ್ದೇ ಒಳ್ಳೆಯದು ಎಂದೂ ಅದರ ಹಿಂದೆಯೇ ಅನ್ನಿಸಿತು. ತನ್ನಂಥವಳಿಗೆ ಯಾವ ಬಾಯಲ್ಲಿ ಪದವಿ? ಆಗ ಸ್ನೇಹಾ ಮೇಡಂ, ಪಾಪ, ಅವಳನ್ನು ಪಾರುಮಾಡಲೆಂದೇ ಎದ್ದು ಬಂದರು. ಮಕ್ಕಳ ಮುಂದೆ ಮಂಡಿಯೂರಿ, ಒಂದು ತೋಳನ್ನು ಮೂಗಿನ ಮುಂದೆ ಸೊಂಡಿಲಿನ ಹಾಗೆ ಆಡಿಸುತ್ತಾ, ‘ಪುಟಾಣಿಗಳಾ, ಯಾರು ಬಂದ್ರು ನೋಡಿ! ಆನೆ ಬಂತು, ಆನೆ!’ ಎಂದರು.

ಕನ್ನಡ ಬರುವ ಯಾವ ಊರಿನ ಅಂಗನವಾಡಿಯಲ್ಲಾದರೂ ಈ ಮಾತಿಗೆ ಮಕ್ಕಳು ಕೇಕೆ ಹಾಕುತ್ತವೆ, ಸೊಂಡಿಲು ಮಾಡಿಕೊಂಡು ಕುಣಿಯುತ್ತವೆ. ಇಲ್ಲಿ ಅಷ್ಟೂ ಮಕ್ಕಳು ಒಂದೇ ಸಲಕ್ಕೆ ಚಾಪೆಯ ಮೇಲೆ ಬೋರಲು ಬಿದ್ದವು. ಒಂದು ಸದ್ದಿಲ್ಲ. ಸ್ನೇಹಾ ಮೇಡಂ ಸೊಂಡಿಲನ್ನು ಗಾಳಿಯಲ್ಲೇ ಹಿಡಿದು ಹಾಗೇ ಉಳಿದರು. ಹಿತ್ತಲಲ್ಲಿ ಕೋಳಿಯೊಂದು ಕೆದರುವುದು ಕೇಳುತ್ತಿತ್ತು. ಮೆಹರೀನಳ ಇಸ್ತ್ರಿಯ ಫ್ರಾಕಿನ ಬೆನ್ನು ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಸಿಕ್ಕಿಬಿದ್ದೆ ಎಂದು ಪಂಕಜಾಕ್ಷಿಗೆ ಗೊತ್ತಾಯಿತು. ಗೊತ್ತಾದ ಕೂಡಲೇ ಮೈಯೆಲ್ಲ ಹಗುರಾಯಿತು. ಇನ್ನು ತಾನೇ ಹೇಳಬೇಕಾಗಿಲ್ಲ. ಇನ್ನು ಬೈಗುಳ, ನಾಚಿಕೆ, ಅಳು, ಏನು ಬೇಕಾದರೂ ಬರಲಿ. ಮೇಡಂ ನಿಧಾನಕ್ಕೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು.

‘ಪಂಕಜಾಕ್ಷಿಯವರೇ,’ ಎಂದರು, ಪಿಸುಮಾತಿನಲ್ಲಿ, ಮಕ್ಕಳನ್ನು ಕದಡಬಾರದೆಂಬ ಹಾಗೆ. ‘ಇದನ್ನ ನೀವು ಕಲಿಸಿದ್ದಾ?’

‘ಹೂಂ ಮೇಡಂ.’

‘ನಾವು ಸ್ಥಳೀಯ ಪರಿಸರ, ಸುರಕ್ಷತೆ ಅಂತ ಬರೀ ಬೋರ್ಡಿನ ಮೇಲೆ ಬರೀತೀವಿ. ನೀವು ಮಾಡಿ ತೋರಿಸ್ತಿದ್ದೀರ. ಮೂರು ನಾಲ್ಕು ವರ್ಷದ ಮಕ್ಕಳು! ನನ್ನ ಮೈ ಜುಂ ಅಂತಿದೆ ನೋಡಿ.’

ಪಂಕಜಾಕ್ಷಿ ಬಾಯಿ ತೆರೆದಳು. ಹಾಗಲ್ಲ ಮೇಡಂ ಎಂಬ ಎರಡೇ ಪದ. ಬಾಗಿಲಲ್ಲಿ ಚೆನ್ನಾಜಮ್ಮನ ಮುಖದ ಮೇಲಿನ ನಗು ಇಂಗಿಹೋಗಿತ್ತು, ಅವಳು ಇವಳನ್ನೇ ದಿಟ್ಟಿಸುತ್ತಿದ್ದಳು. ಮೇಡಂ ಆಗಲೇ ಫೋನು ತೆಗೆದಿದ್ದರು. ‘ಒಂದು ವಿಡಿಯೋ ಮಾಡ್ಕೋತೀನಿ, ಕ್ಲಾಸಲ್ಲಿ ಎಲ್ಲರಿಗೂ ತೋರಿಸಬೇಕು. ಮಕ್ಕಳನ್ನ ಎಬ್ಬಿಸಿ, ಇನ್ನೊಂದ್ಸಲ ಮಾಡ್ಸಿ. ನೀವೇ ಹೇಳಿ, ನೀವು ದಿನಾ ಹೇಗೆ ಹೇಳ್ತೀರೋ ಹಾಗೆ.’ ಒಲ್ಲೆ ಎನ್ನಬಹುದಿತ್ತು. ಮಕ್ಕಳಿಗೆ ದಣಿವಾಗಿದೆ ಎನ್ನಬಹುದಿತ್ತು. ಎಲ್ಲ ಹೊಳೆದದ್ದು ಆಮೇಲೆ. ಆಗ ಅವಳು ಮಕ್ಕಳನ್ನು ಎಬ್ಬಿಸಿದಳು, ಮೆಹರೀನಳನ್ನು ತೋಳು ಹಿಡಿದು ಎತ್ತಿ ಕೂರಿಸಿದಳು, ತಲೆಗೂದಲು ಸರಿಮಾಡಿಕೊಂಡಳು ಕೂಡ. ಫೋನಿನ ಮುಂದೆ ನಿಂತು, ತುಟಿಯ ಮೇಲೆ ಬೆರಳಿಟ್ಟು, ಮೊದಲ ದಿನದ ಅದೇ ಸ್ವರದಲ್ಲಿ ಹೇಳಿದಳು. ಆನೆ ಬಂತು. ಮಕ್ಕಳು ಬಿದ್ದವು. ಆಟದ ಮಕ್ಕಳಿಗೆ ಎರಡನೇ ಸಲ ಇನ್ನೂ ಹುಮ್ಮಸ್ಸು. ಮೆಹರೀನ್ ಬಿದ್ದ ಕಡೆ ಚಾಪೆ ಒದ್ದೆಯಾಗುತ್ತಾ ಬಂತು. ಮೇಡಂ ಅದನ್ನು ನೋಡಿ ಫೋನನ್ನು ಮೆಲ್ಲಗೆ ಬೇರೆ ಕಡೆ ತಿರುಗಿಸಿದರು, ಚಿತ್ರ ಕೆಡಬಾರದಲ್ಲ.

ಸಾಲೇಹಾ ಹೊರಗೆ ಜಗಲಿಯ ಮೇಲೆ ಕಾಯುತ್ತಿದ್ದಳು, ಮನೆಗೆ ಹೋಗಿರಲೇ ಇಲ್ಲ. ಮಗುವಿನ ಬಟ್ಟೆ ಬದಲಾಯಿಸಿ, ಅದನ್ನು ಸೊಂಟದ ಮೇಲೆ ಎತ್ತಿಕೊಂಡೇ ಮೇಡಂ ಮುಂದೆ ಬಂದು ಕೈಮುಗಿದಳು. ಎಲ್ಲವನ್ನೂ ಹೇಳಿದಳು, ಡಾಕ್ಟರು, ನೀರು, ದಾರ. ಸ್ನೇಹಾ ಮೇಡಂ ಗಮನವಿಟ್ಟು ಕೇಳಿದರು. ಮಗುವಿನ ಕೆನ್ನೆ ಸವರಿದರು.

‘ಮಗುಗೆ ಏನೋ ಹೆದರಿಕೆ ಆಗಿದೆ ಅಮ್ಮಾ. ಮನೇಲಿ ಯಾರಾದ್ರೂ ಹೆದರಿಸ್ತೀರಾ? ಗುಮ್ಮ, ಪೊಲೀಸು, ಆನೆ, ಹೀಗೆ?’

‘ಇಲ್ಲ ಮೇಡಂ. ನಮ್ಮನೇಲಿ ಒಂದು ಏಟು ಹೊಡ್ದಿಲ್ಲ ಇವಳ್ಗೆ. ಬೇಕಾದ್ರೆ ಮಿಸ್ಸುನ್ನ ಕೇಳಿ.’

‘ಅಪ್ಪ ಏನು ಮಾಡ್ತಾರೆ?’

‘ಪಿಕಪ್ ಓಡಿಸ್ತಾರೆ. ಅವ್ರಿಗೆ ಒಂದ್ಸಲ ಆನೆ ಅಡ್ಡ ಬಂದಿತ್ತು…’ ಸಾಲೇಹಾಳ ಮಾತು ನಿಧಾನವಾಯಿತು. ‘ಫೋನಲ್ಲಿ ಆನೆ ವಿಡಿಯೋ ಬತ್ತವೆ ಮೇಡಂ, ಗ್ರೂಪಲ್ಲಿ. ಮಗು ತೊಡೆ ಮೇಲೆ ಇರ್ತದೆ, ಅವ್ರು ನೋಡ್ತಾರೆ. ಆ ಕತೇನೂ ಹೇಳ್ತಿದ್ರು, ಬಂದೋರಿಗೆಲ್ಲ.’

‘ಅದೇ ನೋಡಿ ಕಾರಣ,’ ಎಂದರು ಮೇಡಂ, ಎಲ್ಲೂ ಕಠಿಣವಾಗದೆ. ‘ಇಲ್ಲಿ ನಿಮ್ಮ ಟೀಚರು ಹೆದರದೇ ಇರೋದನ್ನ ಕಲಿಸ್ತಿದ್ದಾರೆ. ಮನೇಲಿ ನೀವು ಹೆದರಿಸಿ ಕಳಿಸ್ತೀರಿ. ಮಗು ಏನು ಮಾಡಬೇಕು ಹೇಳಿ? ಅಲ್ವಾ ಪಂಕಜಾಕ್ಷಿಯವರೇ?’

ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ ಪಂಕಜಾಕ್ಷಿಯ ಕಡೆ ಇಬ್ಬರೂ ತಿರುಗಿದರು. ಸಾಲೇಹಾಳ ಮುಖದಲ್ಲಿ ಒಂದು ಬೇಡಿಕೆ ಇತ್ತು, ಹಾಗಲ್ಲ ಅಂತ ಹೇಳಿ ಮಿಸ್ಸು ಎಂದು. ಹೇಳುವುದಾದರೆ ಇದೇ ಜಾಗ, ಇದೇ ಗಳಿಗೆ. ಇದಾದ ಮೇಲೆ ಹೇಳಿದರೆ ಅದಕ್ಕೆ ಬೆಲೆಯಿಲ್ಲ. ಪಂಕಜಾಕ್ಷಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಅವಳ ತಲೆ ಆಡಿತು. ಮೇಲೆ ಕೆಳಗೆ, ಎರಡು ಸಲ, ಅಧ್ಯಯನ ಕೇಂದ್ರದ ತರಗತಿಯಲ್ಲಿ ಅರ್ಥವಾಯಿತು ಎಂದು ಆಡಿಸುತ್ತಿದ್ದಂತೆಯೇ. ಸಾಲೇಹಾ ಕೆಳಗೆ ನೋಡಿದಳು. ಕಣ್ಣು ಒರೆಸಿಕೊಂಡು, ‘ನಮ್ದೇ ತಪ್ಪು ಹಂಗಾದ್ರೆ’ ಎಂದಳು. ಮಗುವನ್ನು ಜಗಲಿಯ ಮೇಲೆ ಇಳಿಸಿ, ‘ಒಂಚೂರು ನೋಡ್ಕಳಿ ಮಿಸ್ಸು, ಅವ್ರು ಸ್ಟ್ಯಾಂಡಲ್ಲಿ ಗಾಡಿ ನಿಲ್ಸಿರ್ತಾರೆ, ಆ ಫೋನು ಇವತ್ತು ಒಡೆದೇ ಹಾಕ್ತೀನಿ’ ಎಂದು ಬಿರಬಿರನೆ ನಡೆದಳು. ಇಷ್ಟು ವರ್ಷದಲ್ಲಿ ಅವಳು ಗಂಡನ ಮೇಲೆ ಸ್ವರ ಎತ್ತಿದ್ದನ್ನು ಪಂಕಜಾಕ್ಷಿ ಕೇಳಿರಲಿಲ್ಲ. ಅದೇ ದಾರಿಯಲ್ಲಿ ಸ್ನೇಹಾ ಮೇಡಂ ಕೂಡ ಬಸ್ಸಿಗೆ ಹೊರಟರು. ಹೊರಡುವ ಮುಂಚೆ ಪಂಕಜಾಕ್ಷಿಯ ಕೈ ಹಿಡಿದು ಅದುಮಿ, ‘ಹೇಳಬಾರದು, ಆದ್ರೂ ಹೇಳ್ತೀನಿ. ಈ ಬ್ಯಾಚಲ್ಲಿ ನಿಮಗೇ ಜಾಸ್ತಿ. ಇನ್ನೇನು, ನೀವು ಪದವೀಧರೆ’ ಎಂದರು. ಪಂಕಜಾಕ್ಷಿ ಅವರ ಕಾಲಿಗೆ ಬಗ್ಗಿದಳು. ತನಗಿಂತ ಎಷ್ಟೋ ಚಿಕ್ಕ ಹುಡುಗಿ, ಅವರು ಗಾಬರಿಯಾಗಿ ಹಿಂದೆ ಸರಿದರು. ಕಾಲು ಹಿಡಿದು ಕೇಳುತ್ತೇನೆ ಅಂದುಕೊಂಡದ್ದು ಏನೆಂದು ಅವಳಿಗೆ ನೆನಪಿತ್ತು. ಕೇಳಲಿಲ್ಲ.

ಉಳಿದ ಮಕ್ಕಳನ್ನು ಅವುಗಳ ಮನೆಯವರು ಬಂದು ಕರೆದುಕೊಂಡು ಹೋದರು. ಚೆನ್ನಾಜಮ್ಮ ಪಾತ್ರೆ ಕವುಚಿ, ಯಾವತ್ತೂ ಆಡುವ ‘ಬತ್ತೀನಿ ಕಣವ್ವ’ ಎಂಬ ಮಾತನ್ನೂ ಆಡದೆ ಹೋದಳು. ಒಳಗೆ ಮೆಹರೀನ್ ಒಬ್ಬಳೇ ಒದ್ದೆಯಿಲ್ಲದ ಒಂದು ಚಾಪೆ ಹುಡುಕಿ ಬೋರಲು ಮಲಗಿದ್ದಳು. ಪಂಕಜಾಕ್ಷಿ ಬಾಗಿಲು ಪೂರ್ತಿ ತೆರೆದಳು. ಎರಡೂ ಕಿಟಕಿ ತೆರೆದಳು. ಬಿಸಿಲು ಬಂತು, ಕಾಫಿಯ ಹುಳಿ ವಾಸನೆ ಬಂತು, ದೂರದಲ್ಲಿ ಕೂಲಿಯವರ ಲೈನ್ ಮನೆಗಳ ಕಡೆ ಯಾರೋ ಯಾರನ್ನೋ ಕೂಗುವುದು ಕೇಳಿತು. ಅವಳು ಜರಿಸೀರೆಯ ಸಮೇತ ಆ ಚಾಪೆಯ ಪಕ್ಕ ಬೋರಲು ಮಲಗಿದಳು, ಮುಖಕ್ಕೆ ಮುಖ ಹತ್ತಿರವಾಗುವ ಹಾಗೆ. ಮಗುವಿನ ಕಣ್ಣಿನ ಮಟ್ಟ ಅಂದರೆ ಇದೇ ಇರಬೇಕು. ಇಲ್ಲಿಂದ ನೋಡಿದರೆ ಕೋಣೆ ಎಷ್ಟು ಎತ್ತರ, ಕುರ್ಚಿಯ ಕಾಲು ಎಷ್ಟು ದಪ್ಪ. ಇಷ್ಟು ತಿಂಗಳು ಈ ಮಗು ಇದನ್ನೇ ನೋಡುತ್ತಾ ಮಲಗಿತ್ತು.

‘ಮೆಹರೀ, ಕೇಳಿಲ್ಲಿ,’ ಎಂದಳು. ‘ಆನೆ ಬಂದಿಲ್ಲ ಕಂದಾ. ಒಂದೇ ಒಂದು ದಿನ ಬಂದಿತ್ತು, ಅವತ್ತೇ ಹೊರಟೋಯ್ತು. ಆಮೇಲೆ ಬರ್ಲೇ ಇಲ್ಲ. ನಾನು ಸುಳ್ಳು ಹೇಳ್ತಿದ್ದೆ. ಮಿಸ್ಸು ಸುಳ್ಳು ಹೇಳಿದ್ಲು. ನೀನು ಕೂಗು, ಕಿರುಚು, ನನ್ನ ಬಯ್ಯಿ, ಹೊಡಿ, ಏನೂ ಬರಕಿಲ್ಲ. ನೋಡು, ನಾನು ಕೂಗ್ತೀನಿ ನೋಡು…’ ಅವಳು ನಿಜಕ್ಕೂ ಕೂಗಿದಳು. ಏನು ಕೂಗಬೇಕೆಂದು ಗೊತ್ತಾಗದೆ, ಬಾಯಿಗೆ ಬಂದ ಒಂದು ಸದ್ದನ್ನು ಕೂಗಿದಳು. ಅದು ಅರ್ಧಕ್ಕೇ ಅಳುವಾಯಿತು.

ಮಗು ಗಾಬರಿಯಿಂದ ತೆರೆದ ಕಿಟಕಿಯನ್ನು ನೋಡಿತು. ಆಮೇಲೆ ತೆವಳಿಕೊಂಡು ಹತ್ತಿರ ಬಂದು, ಪುಟ್ಟ ಅಂಗೈಯನ್ನು ಪಂಕಜಾಕ್ಷಿಯ ಬಾಯಿಯ ಮೇಲೆ ಒತ್ತಿ ಹಿಡಿಯಿತು. ಅಂಗೈ ತಣ್ಣಗಿತ್ತು. ಅದರ ತುಟಿ ಅಲ್ಲಾಡಿತು. ತಿಂಗಳುಗಳಿಂದ ತಾಯಿ ಕಾದಿದ್ದ ಸ್ವರ, ಡಾಕ್ಟರು ದರ್ಗಾ ಗುಡಿ ಎಲ್ಲ ಸುತ್ತಿದರೂ ಬಾರದಿದ್ದ ಸ್ವರ, ಇವಳ ಕಿವಿಯ ಹತ್ತಿರ ಬಂತು. ಉಸಿರಿಗಿಂತ ಸ್ವಲ್ಪವೇ ದೊಡ್ಡದಾಗಿತ್ತು.

‘ಅಳ್ಬೇಡ ಮಿಸ್ಸು. ಓದು. ನೀನು ಓದಿದ್ರೆ ಆನೆ ಒಳಗೆ ಬರಕಿಲ್ಲ.’

ಪರೀಕ್ಷೆಗಳೆಲ್ಲ ಮುಗಿದಿದ್ದವು, ಅವಳಿಗೆ ಓದಲು ಇನ್ನೇನೂ ಉಳಿದಿರಲಿಲ್ಲ. ಮಗು ಅವಳ ಬಾಯಿಯ ಮೇಲಿನ ಕೈ ತೆಗೆಯದೆ, ಉಸಿರು ಹಿಡಿದು, ಅವಳು ಓದಲಿ ಎಂದು ಕಾಯುತ್ತಿತ್ತು.